ಕಟ್ಟೆ ತುಂಬಿದ ಅಡುಗೆಯವನು

"ತಾತ, ಕೆಲಸ ಅದೇ, ಲಗ್ನಪತ್ರಿಕೆನೂ ಅದೇ. ಹಳೇ ಕಂಪ್ಯೂಟರಿಗೆ ಚೂರು ಮೆಮೊರಿ ಸಾಕಾಗ್ತಿತ್ತು. ಹೊಸದು ಯಾಕೆ ಇಷ್ಟೊಂದು ತಿನ್ನುತ್ತೆ?"

ಹೊನ್ನೂರಮ್ಮ ಹೀಗೆ ಕೇಳಿದಾಗ ಪಂಪಣ್ಣ ಮೇಸ್ತ್ರಿ ಉತ್ತರ ಕೊಡಲಿಲ್ಲ. ಮೊದಲು ತಮ್ಮ ಹಿರಿಮೆ ಹೇಳಿಕೊಂಡರು. ಅದು ಅವರ ಪದ್ಧತಿ.

"ಮೆಮೊರಿ ವಿಷಯ ನನ್ನ ಕೇಳ್ತೀಯಾ? ಎಲೆಅಡಿಕೆ ಡಬ್ಬಿಯಷ್ಟೂ ಮೆಮೊರಿ ಇಲ್ಲದ ಕಂಪ್ಯೂಟರಿನಲ್ಲಿ ಒಂದು ವೈಶಾಖದ ಅಷ್ಟೂ ಲಗ್ನಪತ್ರಿಕೆ ಮಾಡಿಸಿದವನು ನಾನು. ಏಳುನೂರು ಮದುವೆ. ಒಂದು ಹೆಸರು ತಪ್ಪಿರಲಿಲ್ಲ. ಆ ಪ್ರೆಸ್ಸಿನ ಯಜಮಾನ ತೀರಿಕೊಂಡ. ಕಂಪ್ಯೂಟರ್ ಗುಜರಿಗೆ ಹೋಯ್ತು. ಪ್ರೆಸ್ ಇದ್ದ ಕಟ್ಟಡ ರಸ್ತೆ ಅಗಲ ಮಾಡುವಾಗ ಹೋಯ್ತು. ಇಲ್ಲದಿದ್ದರೆ ಈಗಲೇ ಕರಕೊಂಡು ಹೋಗಿ ತೋರಿಸ್ತಿದ್ದೆ."

"ಮದುವೆ ಆದವರಾದರೂ ಉಳಿದಿರಬೇಕಲ್ಲ ಪಂಪಣ್ಣ," ಎಂದರು ಎದುರು ಕುಳಿತಿದ್ದ ವೀರನಗೌಡರು.

"ಲಗ್ನಪತ್ರಿಕೆ ಯಾರಿಗೆ ನೆನಪಿರುತ್ತೆ ಗೌಡ್ರೇ? ಊಟ ನೆನಪಿರುತ್ತೆ."

ಪಂಪಣ್ಣನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ರೇಡಿಯೊ ಬಿಚ್ಚುತ್ತ ಟಿವಿ ಕಲಿತರು, ಟಿವಿ ಬಿಚ್ಚುತ್ತ ಕಂಪ್ಯೂಟರ್ ಕಲಿತರು. ಹೊನ್ನೂರಮ್ಮ ಅವರ ಬಳಿ ಮೂರು ವರ್ಷದಿಂದ ಕೆಲಸ ಕಲಿಯುತ್ತಿದ್ದಳು. ಗುರುವಿನ ಕೈ ತಾಕದೆ ಅವಳೊಬ್ಬಳೇ ಜೋಡಿಸಿದ ಮೊದಲ ಕಂಪ್ಯೂಟರ್ ಗೌಡರ ಪ್ರೆಸ್ಸಿಗೆ ಹೋಗಿತ್ತು. ಹದಿನೈದು ದಿನಕ್ಕೆ ಗೌಡರು ಅದನ್ನು ತಿರುಗಿ ತಂದು ಮೇಜಿನ ಮೇಲೆ ಇಟ್ಟಿದ್ದರು.

"ಹಳೇದರಲ್ಲಿ ಒಂದು ಜಿಬಿ ಇತ್ತು. ಅದರಲ್ಲೇ ಎಲ್ಲ ಕೆಲಸ ಆಗ್ತಿತ್ತು," ಎಂದಿದ್ದರು. "ಇದರಲ್ಲಿ ಎಂಟು. ಇನ್ನೂ ಒಂದು ಪತ್ರಿಕೆ ತೆರೆದಿಲ್ಲ, ಆಗಲೇ ನಾಲ್ಕು ನುಂಗಿ ಕೂತಿದೆ. ನೀನೇ ನೋಡಮ್ಮ, ಅಂಕಿ ಕಣ್ಣೆದುರಿಗೇ ಇದೆ. ಏನೋ ಹೊಲಸು ಹಾಕಿ ಜೋಡಿಸಿದ್ದೀಯ."

ಬರುವಾಗ ಅವರು ಒಂದು ಕಾಗದವನ್ನೂ ತಂದಿದ್ದರು. ತಾನು ಜೋಡಿಸಿದ್ದು ಕೆಟ್ಟಿದೆ, ತನಗೆ ಈ ಕೆಲಸ ಬಾರದು ಎಂದು ಹೊನ್ನೂರಮ್ಮ ಅದಕ್ಕೆ ಸಹಿ ಹಾಕಬೇಕು. ಅದನ್ನು ಅವರು ಕಂಪ್ಲಿಯ ಎಲ್ಲ ಪ್ರೆಸ್ಸಿನವರಿಗೂ ತೋರಿಸುವರು. ಸಹಿ ಹಾಕಲಾರೆನೆಂದರೆ ಈಗಲೇ, ಅವರೆದುರೇ, ಆ ಅಂಕಿಯನ್ನು ಇಳಿಸಬೇಕು.

ಇಳಿಸುವುದು ಅವಳಿಗೆ ಗೊತ್ತಿತ್ತು. ಕಂಪ್ಯೂಟರ್ ಒಳಗೊಳಗೇ ಸಿದ್ಧ ಮಾಡಿಟ್ಟುಕೊಳ್ಳುವುದನ್ನೆಲ್ಲ ಒಂದೊಂದಾಗಿ ನಿಲ್ಲಿಸಿದರೆ ಅಂಕಿ ಇಳಿಯುತ್ತದೆ. ಗೌಡರಿಗೆ ಸಮಾಧಾನವಾಗುತ್ತದೆ. ಕಂಪ್ಯೂಟರ್ ಮಾತ್ರ ನಾಳೆಯಿಂದ ಕುಂಟುತ್ತದೆ. ಒಳ್ಳೆಯ ಕೆಲಸವನ್ನು ತನ್ನ ಕೈಯಾರೆ ಕೆಡಿಸಿ, ಸರಿ ಮಾಡಿದೆ ಎನ್ನಿಸಿಕೊಳ್ಳಬೇಕು. ಆದರೂ ಅವಳ ಕೈ ಮೌಸಿನ ಮೇಲೆ ಬಂದಿತ್ತು.

"ಕೈ ತಡಿ ಹೊನ್ನೂರಿ," ಎಂದರು ಪಂಪಣ್ಣ. "ಕತೆ ಕೇಳಿ ಆಮೇಲೆ ಏನಾದರೂ ಒತ್ತು. ಗೌಡ್ರೂ ಕೇಳಲಿ. ಅವರಿಗೂ ಎರಡು ಕಿವಿ ಕೊಟ್ಟಿದ್ದಾನೆ ದೇವರು."

ಕತೆ ಹೀಗಿತ್ತು.

ಒಬ್ಬ ಸಾಹುಕಾರ ಒಂದು ಛತ್ರ ಕಟ್ಟಿಸಿದ. ಬಂದ ಯಾತ್ರಿಕರಿಗೆ ಅಲ್ಲಿ ಊಟ. ಅಡುಗೆಗೆ ಒಬ್ಬನನ್ನು ಇಟ್ಟ. ಅಡುಗೆಮನೆ ಇಕ್ಕಟ್ಟು. ಒಲೆಯ ಪಕ್ಕದ ಕಟ್ಟೆ ಒಂದೂವರೆ ಮೊಳ. ಅದರ ಮೇಲೆ ಒಂದು ಪಾತ್ರೆ ಕೂತರೆ ಇನ್ನೊಂದಕ್ಕೆ ಜಾಗವಿಲ್ಲ. ಉಗ್ರಾಣ ಅಂಗಳದ ಆಚೆ ತುದಿಗೆ.

ಅಡುಗೆಯವನು ಉಪ್ಪಿಗೆ ಅಂಗಳ ದಾಟಿ ಹೋಗುವನು. ತಂದು ಹಾಕುವನು. ಬಟ್ಟಲು ಇಡಲು ಜಾಗವಿಲ್ಲವಾದ್ದರಿಂದ ಅದನ್ನು ತಿರುಗಿ ಒಯ್ದು ಇಟ್ಟು ಬರುವನು. ಆಮೇಲೆ ಹುಣಸೆಹಣ್ಣಿಗೆ ಹೋಗುವನು. ಆಮೇಲೆ ಬೆಲ್ಲಕ್ಕೆ. ಹಾಗೆ ನಡೆದು ನಡೆದು ಅಂಗಳದಲ್ಲಿ ಎದೆಯಾಳ ಹಳ್ಳ ಬಿತ್ತು. ಮಳೆ ಬಂದ ದಿನ ಅವನು ಉಪ್ಪಿಗೆ ಈಜಿಕೊಂಡು ಹೋಗುತ್ತಿದ್ದ.

"ಬರುವಾಗ ಉಪ್ಪು ಕರಗ್ತಿರಲಿಲ್ಲವಾ?" ಎಂದರು ಗೌಡರು.

"ತಲೆ ಮೇಲೆ ಇಟ್ಕೊಂಡು ಈಜ್ತಿದ್ದ. ನಡುವೆ ಬಾಯಿ ಹಾಕಬೇಡಿ, ಸಾರು ಕೆಡುತ್ತೆ."

ಎಲೆ ಹಾಕಿ ಕೂತವರಿಗೆ ಅನ್ನ ತಣಿದು, ಎಲೆ ಬಾಡಿದ ಮೇಲೆ ಸಾರು ಬರುತ್ತಿತ್ತು. ಆದರೆ ಕಟ್ಟೆ ಯಾವಾಗ ನೋಡಿದರೂ ಚೊಕ್ಕ. ಸಾಹುಕಾರ ಅಲ್ಲಿ ಒಂದು ದಿನವೂ ಊಟಕ್ಕೆ ಕೂತವನಲ್ಲ. ಬಾಗಿಲಲ್ಲಿ ನಿಂತು ಕಟ್ಟೆ ನೋಡುವನು. ಎಷ್ಟು ಕಮ್ಮಿ ಜಾಗದಲ್ಲಿ ಎಷ್ಟು ಜನಕ್ಕೆ ಮಾಡುತ್ತಾನೆ ಎಂದು ನಾಲ್ಕು ಜನರೆದುರು ಹೊಗಳುವನು.

ಕೆಲವು ವರ್ಷ ಕಳೆಯಿತು. ಸಾಹುಕಾರ ಹೊಸ ಅಡುಗೆಮನೆ ಕಟ್ಟಿಸಿದ. ಈ ಸಲ ಕಟ್ಟೆ ಹನ್ನೆರಡು ಮೊಳ. ಅಡುಗೆಯವನು ಅದೇ ಮನುಷ್ಯ. ಅವನು ಬೆಳಗ್ಗೆ ಎದ್ದವನೇ ನಿನ್ನೆ ಏನೇನು ಬೇಕಾಯಿತೆಂದು ನೆನೆದ. ಇವತ್ತೂ ಅದೇ ಬೇಕಾದೀತು ಎಂದುಕೊಂಡ. ಉಪ್ಪು, ಹುಣಸೆ, ಬೆಲ್ಲ, ಸಾಸಿವೆ, ತೊಳೆದ ಅಕ್ಕಿ, ಹೆಚ್ಚಿದ ಕಾಯಿ, ಸೌಟು ಎಲ್ಲವನ್ನೂ ತಂದು ಕಟ್ಟೆಯ ಮೇಲೆ ಕೈಗೆ ಎಟುಕುವಂತೆ ಹರಡಿದ.

ಸಾಹುಕಾರ ಬಂದ. ಬಾಗಿಲಲ್ಲಿ ನಿಂತ. ಮುಖ ಗಂಟಿಕ್ಕಿದ.

"ಒಬ್ಬನೂ ಉಣ್ಣಲು ಬಂದಿಲ್ಲ. ಆಗಲೇ ಅರ್ಧ ಕಟ್ಟೆ ತುಂಬಿದ್ದೀಯ. ಒಂದೂವರೆ ಮೊಳದಲ್ಲಿ ಇದೇ ಅಡುಗೆ ಮಾಡ್ತಿದ್ದವನು ನೀನೇ ಅಲ್ಲವಾ? ಜಾಗ ಕೊಟ್ಟರೆ ಕೊಬ್ಬು ಬಂತು ನಿನಗೆ."

"ಧಣಿ, ಪಾತ್ರೆಗಳು ಮೊದಲಿನವಲ್ಲ," ಎಂದ ಅಡುಗೆಯವನು. "ನೀವೇ ತಂದದ್ದು, ಒಂದೊಂದೂ ಮೊದಲಿನದರ ಎರಡರಷ್ಟು. ಅವು ಹಿಡಿಯೋ ಜಾಗ ಹಿಡೀತಾವೆ, ಅದನ್ನ ನಾನು ಇಲ್ಲ ಅನ್ನೋದಿಲ್ಲ. ಉಳಿದದ್ದು ನಾನು ಬೇಕಂತಲೇ ಹರಡಿದ್ದು. ಇಲ್ಲಿರೋದು ಒಂದೊಂದು ಹಿಡಿ. ಮೂಟೆ ಉಗ್ರಾಣದಲ್ಲೇ ಇದೆ. ಜಾಗ ಬೇಕಾದರೆ ತೋಳಲ್ಲಿ ಒರೆಸಿ ಹಾಕ್ತೀನಿ, ಏನೂ ನಷ್ಟ ಇಲ್ಲ. ಬೇಡದೇ ಇದ್ದಾಗ ಕಟ್ಟೆ ಖಾಲಿ ಬಿಟ್ಟು ನಾನು ಯಾಕೆ ಅಂಗಳ ದಾಟಲಿ?"

"ಮಾತು ಬೇಡ. ತೆಗೆ. ನನ್ನ ಕಣ್ಣಿಗೆ ಕಟ್ಟೆ ಬರಿದು ಕಾಣಬೇಕು. ಇಲ್ಲವಾದರೆ ಛತ್ರ ಬಿಟ್ಟು ನಡಿ."

ಅಡುಗೆಯವನು ಸೌಟನ್ನು ಸಾಹುಕಾರನ ಕೈಗೆ ಕೊಟ್ಟ. "ನಾನು ತೆಗೆಯೋದಿಲ್ಲ. ನೀವೇ ತೆಗೀರಿ, ನೀವೇ ಬಡಿಸಿ," ಎಂದು ಹೊಸ್ತಿಲ ಮೇಲೆ ಕಾಲು ಚಾಚಿ ಕೂತ.

ಸಾಹುಕಾರನಿಗೂ ಹಟ ಬಂತು. ಪಂಚೆ ಎತ್ತಿ ಕಟ್ಟಿದ. ಎಲ್ಲವನ್ನೂ ಹೊತ್ತು ಉಗ್ರಾಣಕ್ಕೆ ಹಾಕಿದ. ಕಟ್ಟೆ ಕನ್ನಡಿಯಂತಾಯಿತು. ಅಷ್ಟು ಹೊತ್ತಿಗೆ ಯಾತ್ರಿಕರು ಬಂದು ಎಲೆ ಹಾಸಿ ಕೂತರು. ಸಾಹುಕಾರ ಒಲೆ ಹಚ್ಚಿದ. ಎಣ್ಣೆಗೆ ಓಡಿದ. ಎಣ್ಣೆ ಕಾಯಿತು, ಸಾಸಿವೆ ಇಲ್ಲ. ಸಾಸಿವೆ ತರುವುದರೊಳಗೆ ಎಣ್ಣೆ ಹೊತ್ತಿ ಉರಿಯಿತು. ಉರಿ ಆರಿಸಲು ನೀರು ತರಲು ಹೋದವನಿಗೆ ಕೊಡಪಾನ ಉಗ್ರಾಣದಲ್ಲಿ ಇಟ್ಟದ್ದು ನೆನಪಾಯಿತು. ಹೊರಗೆ ಜನ ಲೋಟ ಬಡಿಯತೊಡಗಿದರು. ಮೂವತ್ತು ಸಲ ಓಡಿದ ಮೇಲೆ ಸಾಹುಕಾರ ಸುಮ್ಮನೆ ನಿಂತ. ಆಮೇಲೆ ಯಾರೂ ಹೇಳದೆಯೇ ಉಗ್ರಾಣದಿಂದ ಒಂದೊಂದನ್ನೇ ತಂದು ಕಟ್ಟೆಯ ಮೇಲೆ ಇಡತೊಡಗಿದ. ನೋಡುನೋಡುತ್ತ ಮುಕ್ಕಾಲು ಕಟ್ಟೆ ತುಂಬಿತು.

ಆಗ ಅಡುಗೆಯವನು ಹೊಸ್ತಿಲಿಂದ ಎದ್ದ.

"ಧಣಿ, ನಾನು ಅರ್ಧ ಮಾತ್ರ ತುಂಬಿದ್ದೆ," ಎಂದು ಸೌಟು ತಿರುಗಿ ತೆಗೆದುಕೊಂಡ.

ಹೊನ್ನೂರಮ್ಮ ಮೌಸಿನ ಮೇಲಿನ ಕೈ ತೆಗೆದಳು. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಗೌಡರ ಕಡೆ ತಿರುಗಿದಳು.

"ಗೌಡ್ರೇ, ಕಟ್ಟೆ ಅಂದ್ರೆ ಮೆಮೊರಿ. ಉಗ್ರಾಣ ಅಂದ್ರೆ ಹಾರ್ಡ್‌ಡಿಸ್ಕ್. ಹಳೇದು ಜಾಗ ಇಲ್ಲದೆ ಪ್ರತಿಯೊಂದಕ್ಕೂ ಡಿಸ್ಕಿಗೆ ಓಡ್ತಿತ್ತು. ಇದು ನಿಮಗೆ ಬೇಕಾದದ್ದನ್ನ ಮೊದಲೇ ತಂದು ಇಟ್ಕೊಂಡು ಕಾಯ್ತಿದೆ. ಹೊಸ ಪ್ರೋಗ್ರಾಂಗಳೂ ದಪ್ಪ ಆಗಿದಾವೆ, ಅದು ನಿಜ, ಅದನ್ನ ಮುಚ್ಚಿಡಲ್ಲ. ಒಂದು ಮಾತು ಹೇಳಿ. ಹಳೇದರಲ್ಲಿ ಒಂದು ಲಗ್ನಪತ್ರಿಕೆ ತೆರೆಯೋಕೆ ಎಷ್ಟು ಹೊತ್ತು ಬೇಕಿತ್ತು?"

"ಒತ್ತಿ ಬಿಟ್ಟು ಟೀ ಕುಡಿದು ಬರ್ತಿದ್ದೆ."

"ಈಗ?"

"ಈಗ ಟೀ ಕುಡಿಯೋಕೆ ಪುರುಸೊತ್ತಿಲ್ಲ," ಎಂದರು ಗೌಡರು. ಹಾಗೆಂದ ಮೇಲೂ ಕಾಗದವನ್ನು ಅವಳ ಕಡೆ ಸರಿಸಿದರು. "ಆದರೂ ನಾಲ್ಕು ಅಂದ್ರೆ ನಾಲ್ಕೇ ಅಲ್ಲವಾ? ನೋಡಿದವರು ನಗ್ತಾರೆ. ಅಂಕಿ ಇಳಿಸು, ಇಲ್ಲ ಸಹಿ ಹಾಕು."

ಹೊನ್ನೂರಮ್ಮ ಕಾಗದವನ್ನು ಮುಟ್ಟಲಿಲ್ಲ. "ಎರಡೂ ಮಾಡೋದಿಲ್ಲ ಗೌಡ್ರೇ," ಎಂದಳು.

ಪಂಪಣ್ಣನವರಿಗೆ ಹುರುಪು ಬಂತು. ಕತೆ ಮುಗಿದಿದ್ದರೂ ಅದಕ್ಕೆ ಇನ್ನಷ್ಟು ಸೇರಿಸದೆ ಇರಲಾಗಲಿಲ್ಲ.

"ಅವತ್ತು ಮೂರು ಸಾವಿರ ಎಲೆ ಎದ್ದವು. ಸಾಹುಕಾರ ಓಡಿದ್ದಕ್ಕೆ ಹೊಟ್ಟೆ ಕರಗಿ, ಪಂಚೆ ಇನ್ನೊಂದು ಸುತ್ತು ಜಾಸ್ತಿ ಬಂತು. ಬೇಕಾದರೆ ಹೋಗಿ ಕೇಳಿ. ಹೊಳೆದಾರಿಯಲ್ಲಿ ಆ ಛತ್ರ ಇವತ್ತಿಗೂ ಇದೆ. ಆ ಕಟ್ಟೆ ಮೇಲೆ ನಾನೇ ಕೂತು ಉಂಡಿದ್ದೀನಿ."

ಗೌಡರು ಮೊದಲ ಸಲ ನಕ್ಕರು.

"ಪಂಪಣ್ಣ, ಹೊಳೆದಾರಿಯ ಛತ್ರಗಳಿಗೆಲ್ಲ ಕರಪತ್ರ ಅಚ್ಚು ಹಾಕೋನು ನಾನು, ಮೂವತ್ತೆಂಟು ವರ್ಷದಿಂದ. ಅಲ್ಲಿರೋದು ಮೂರೇ ಛತ್ರ. ಒಂದರಲ್ಲೂ ಹನ್ನೆರಡು ಮೊಳದ ಕಟ್ಟೆ ಇಲ್ಲ. ಎರಡರಲ್ಲಿ ಅಡುಗೆಮನೆನೇ ಇಲ್ಲ. ಈಗ ಏನಂತೀಯ?"

ಪಂಪಣ್ಣನವರು ಹೆಗಲು ಕೊಡವಿದರು.

"ಇಲ್ಲ ಅಂದ್ರೆ ಇಲ್ಲ ಬಿಡಿ ಗೌಡ್ರೇ, ಇಲ್ಲದ ಛತ್ರದ ಅಡುಗೆಯವನೇ ಕಟ್ಟೆ ಖಾಲಿ ಮಾಡಲಿಲ್ಲ, ಇರೋ ಹೊನ್ನೂರಿ ಯಾಕೆ ಮಾಡ್ತಾಳೆ?"

ಗೌಡರು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಕಂಪ್ಯೂಟರನ್ನು ಹಾಗೆಯೇ ಎತ್ತಿಕೊಂಡು ಪ್ರೆಸ್ಸಿಗೆ ಹೊರಟರು.