ಅಲ್ಲಾಡದೆ ಕೂತ ಸೂರ್ಯಕಾಂತಿ

ಕಾಲೇಜಿನ ಪ್ರಯೋಗಾಲಯ. ಪರೀಕ್ಷೆ ನಡೆಯುತ್ತಿದೆ, ಯಾರೂ ಉಸಿರೆತ್ತುತ್ತಿಲ್ಲ. ಅಂಥ ಹೊತ್ತಿನಲ್ಲಿ ನಲವತ್ತೊಂದು ವರ್ಷದ ಒಬ್ಬ ವಿದ್ಯಾರ್ಥಿ, ತನ್ನ ಕೈಯಲ್ಲಿದ್ದ ಸೂರ್ಯಕಾಂತಿಯ ದಂಟಿಗೆ "ಅಲ್ಲಾಡಬೇಡಿ ಸ್ವಾಮಿ, ಗದ್ದ ಸ್ವಲ್ಪ ಮೇಲಕ್ಕೆ" ಅಂದುಬಿಟ್ಟ. ಏಕೆ ಅಂದ? ಆಮೇಲೆ ಏನಾಯಿತು? ಊಹಿಸಿ ನೋಡೋಣ! ಓದಿ ಓದಿ ತಲೆ ಕೆಟ್ಟಿತ್ತು ಅಂತೀರಾ? ಇಲ್ಲ ಬಿಡಿ. ನಾನೇ ಹೇಳುತ್ತೇನೆ, ಕೇಳಿ.

ಅವನ ಹೆಸರು ತ್ಯಾಗರಾಜು. ಹತ್ತೊಂಬತ್ತನೇ ವಯಸ್ಸಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ. ಸಸ್ಯಶಾಸ್ತ್ರ ಅಂದರೆ ಪ್ರಾಣ. ಅಪ್ಪನದು ಕ್ಷೌರದಂಗಡಿ. ಅಪ್ಪನ ಕೈ ನಡುಗತೊಡಗಿದಾಗ ಮಗ ಪುಸ್ತಕ ಮಡಚಿಟ್ಟು ಕತ್ತರಿ ಹಿಡಿದ. ಹಿಡಿದವನು ಇಪ್ಪತ್ತೆರಡು ವರ್ಷ ಬಿಡಲಿಲ್ಲ.

ಒಂದು ದಿನ ಮಗಳು ಅಟ್ಟದಿಂದ ಅವನ ಹಳೆಯ ರೆಕಾರ್ಡ್ ಪುಸ್ತಕ ಇಳಿಸಿದಳು. ಎಲೆ, ಬೇರು, ದಂಟು, ಎಲ್ಲದರ ಚಿತ್ರಗಳು. ಕೊನೆಯ ಚಿತ್ರ ಮಾತ್ರ ಅರ್ಧಕ್ಕೇ ನಿಂತಿತ್ತು.

"ಅಪ್ಪಾ, ಇದನ್ನ ಯಾವಾಗ ಮುಗಿಸ್ತೀಯ?"

ಆ ಒಂದು ಮಾತು ಸಾಕಾಯಿತು ನೋಡಿ. ಹಗಲು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದ. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ. "ಸರಿ, ಬನ್ನಿ. ಆದರೆ ಇದೇ ಕೊನೆಯ ಅವಕಾಶ. ಒಂದು ವಿಷಯದಲ್ಲಿ ಫೇಲಾದರೂ ಮತ್ತೆ ಪ್ರವೇಶವಿಲ್ಲ" ಎಂದು ಉತ್ತರ ಬಂತು.

ಬಸ್ಸು ಹತ್ತಿ ಜಿಲ್ಲಾ ಕೇಂದ್ರದ ಕಾಲೇಜಿಗೆ ಹೋಗತೊಡಗಿದ. ಹುಡುಗರು "ಅಂಕಲ್, ಏನ್ ಕೆಲಸ ಮಾಡ್ತೀರಾ?" ಎಂದರೆ, "ಏನೋ, ಒಂದು ಸಣ್ಣ ಬಿಸಿನೆಸ್ಸಪ್ಪಾ" ಅನ್ನುತ್ತಿದ್ದ. ಹಿಂದೆ ಓದುವಾಗ ಅಪ್ಪನ ಕಸುಬಿಗಾಗಿ ಸಹಪಾಠಿಗಳು ಅವನನ್ನು ಕಂಡಾಗಲೆಲ್ಲ ಕತ್ತರಿಯಂತೆ ಎರಡು ಬೆರಳಾಡಿಸಿ 'ಕಚ್ ಕಚ್' ಎಂದು ನಗುತ್ತಿದ್ದರು. ಆ ಸದ್ದು ಅವನ ಕಿವಿಯಿಂದ ಹೋಗಿರಲಿಲ್ಲ.

ಸಸ್ಯಶಾಸ್ತ್ರದ ಪ್ರಯೋಗದಲ್ಲಿ ದಂಟನ್ನು ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು, ತೆಳ್ಳನೆಯ ಬಿಲ್ಲೆ ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ತ್ಯಾಗರಾಜುವಿಗೆ ಅದೇನು ದೊಡ್ಡ ಕೆಲಸವೇ? ಆದರೆ ಪುಣ್ಯಾತ್ಮ ಮಾಡಿದ್ದೇನು ಗೊತ್ತೆ? ಕಸುಬು ಗೊತ್ತಾಗಿಬಿಟ್ಟೀತೆಂದು, ಬ್ಲೇಡನ್ನೇ ಕಾಣದವನ ಹಾಗೆ ಎರಡು ಬೆರಳಲ್ಲಿ ಅಂಜಂಜಿ ಹಿಡಿಯುತ್ತಿದ್ದ! ವರ್ಷವಿಡೀ ಅವನ ಬಿಲ್ಲೆಗಳು ಸೌತೆಕಾಯಿ ಹೋಳಿನಷ್ಟು ದಪ್ಪ.

ಪರೀಕ್ಷೆಯ ದಿನವೂ ಹಾಗೇ ಆಯಿತು. ಬಿಲ್ಲೆಯ ಮೇಲೆ ಬಿಲ್ಲೆ ಕೆಟ್ಟಿತು. ದಂಟು ಗೇಣಿನಿಂದ ಬೆರಳುದ್ದಕ್ಕೆ ಇಳಿಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಶಾರದಾಂಬ ಮೇಡಂ, "ಇನ್ನು ಹತ್ತೇ ನಿಮಿಷ" ಎಂದರು.

ತ್ಯಾಗರಾಜು ಕಣ್ಣು ಮುಚ್ಚಿದ. ಮಾನವೋ, ಚಿತ್ರದ ಉಳಿದರ್ಧವೋ? ಅಂಜುತ್ತಲೇ ಹಿಡಿದರೆ ಕಸುಬು ಗುಟ್ಟಾಗಿರುತ್ತದೆ, ಓದು ಇಲ್ಲಿಗೇ ಮುಗಿಯುತ್ತದೆ.

ಕಣ್ಣು ತೆರೆದ. ಬ್ಲೇಡನ್ನು ನೀರಿನಲ್ಲಿ ಅದ್ದಿದ. ಮಣಿಕಟ್ಟು ಸಡಿಲ ಬಿಟ್ಟ. ಎಡಗೈಯಲ್ಲಿ ದಂಟನ್ನು ಗಿರಾಕಿಯ ಗದ್ದ ಹಿಡಿದಂತೆ ಮೆತ್ತಗೆ ಹಿಡಿದ. ಕೈ ತನ್ನ ಹಳೆಯ ದಾರಿ ಹಿಡಿಯಿತು, ಹಿಂದೆಯೇ ನಾಲಿಗೆಯೂ ಹೊರಟಿತು: "ಅಲ್ಲಾಡಬೇಡಿ ಸ್ವಾಮಿ, ಗದ್ದ ಸ್ವಲ್ಪ ಮೇಲಕ್ಕೆ!"

ಕೋಣೆಗೆ ಕೋಣೆಯೇ ತಿರುಗಿ ನೋಡಿತು.

"ಯಾರಿಗ್ರೀ ಹೇಳ್ತಿದೀರಿ?" ಮೇಡಂ ಹತ್ತಿರ ಬಂದರು.

ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡ. "ದಂಟಿಗೆ ಮೇಡಂ. ನಾನು ಕ್ಷೌರದವನು. ಇಪ್ಪತ್ತೆರಡು ವರ್ಷದ ಅಭ್ಯಾಸ, ಬಾಯಿಗೆ ಬಂದುಬಿಡ್ತು."

ಮೇಡಂ ಅವನು ಕೊಯ್ದ ಬಿಲ್ಲೆಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಈರುಳ್ಳಿಯ ಒಳಪೊರೆಯಂಥ ಬಿಲ್ಲೆ! ಒಂದೊಂದು ಕೋಶವೂ ರಂಗೋಲಿ ಚುಕ್ಕಿಯ ಹಾಗೆ ಬೇರೆ ಬೇರೆ. ಇಟ್ಟ ಕಣ್ಣು ತೆಗೆಯಲೇ ಇಲ್ಲ.

"ಇಷ್ಟು ದಿನ ಈ ಕೈಯನ್ನ ಎಲ್ರೀ ಬಚ್ಚಿಟ್ಟಿದ್ರಿ? ಅಂಕ ಹೇಳೋ ಹಾಗಿಲ್ಲ. ಮನೇಲಿ ಹೋಳಿಗೆಗೆ ಬೇಳೆ ನೆನೆಹಾಕೋಕೆ ಹೇಳಿ, ಅಷ್ಟೇ."

ಪರೀಕ್ಷೆ ಮುಗಿದದ್ದೇ ತಡ, ಹುಡುಗರು ಮುತ್ತಿಕೊಂಡರು. ಅವನು 'ಕಚ್ ಕಚ್' ಸದ್ದಿಗೆ ಕಾದು ನಿಂತ. ಬರಲಿಲ್ಲ. ನಾಜಿಯಾ ಎಂಬ ಹುಡುಗಿ, "ಅಂಕಲ್, ಮೋಸ ಇದು! ವರ್ಷವೆಲ್ಲ ನಮಗೆ ಹೇಳಿಕೊಡದೆ ಸುಮ್ಮನಿದ್ರಲ್ಲ!" ಎಂದು ಜಗಳಕ್ಕೇ ಬಂದಳು. ಹುಡುಗನೊಬ್ಬ ತನ್ನ ಕೆದರಿದ ತಲೆ ಮುಟ್ಟಿಕೊಂಡು, "ಇನ್ಮೇಲೆ ಇದು ನಿಮ್ಮದೇ ಅಂಕಲ್" ಎಂದ.

ತ್ಯಾಗರಾಜು ಎದೆ ತುಂಬಿ ನಕ್ಕ. "ಬನ್ನಿ, ಎಲ್ಲರೂ ಅಂಗಡಿಗೆ ಬನ್ನಿ! ಮಂಗಳವಾರ ಮಾತ್ರ ಬೇಡ ಕಣ್ರಪ್ಪಾ. ಅವತ್ತು ರಜಾ. ನಮ್ಮಪ್ಪನ ಕಾಲದಿಂದ ಆ ದಿನ ನಾವು ಬ್ಲೇಡೇ ಮುಟ್ಟಲ್ಲ."

ಆ ಸಂಜೆ ರೆಕಾರ್ಡ್ ಪುಸ್ತಕದ ಅರ್ಧ ಚಿತ್ರ ಪೂರ್ತಿಯಾಯಿತು. ಪೆನ್ಸಿಲ್ ಚೂಪು ಮಾಡಿಕೊಟ್ಟವಳು ಮಗಳು.

ನೀತಿ: ದುಡಿಮೆಯಲ್ಲಿ ಕಳೆದ ವರ್ಷಗಳು ಓದಿಗೆ ದಂಡವಲ್ಲ. ಬಿಟ್ಟ ಓದಿಗೆ ಮರಳುವವರು, ನಡುವೆ ಕಲಿತದ್ದನ್ನು ನಾಚಿಕೆಯಿಂದ ಬಾಗಿಲ ಹೊರಗೆ ನಿಲ್ಲಿಸಬಾರದು. ಕೈಹಿಡಿದು ಒಳಗೆ ಕರೆದುಕೊಂಡು ಹೋಗಬೇಕು.

ಅಂದಹಾಗೆ, ಇದೆಲ್ಲ ನಡೆದದ್ದು ಎರಡು ಸಾವಿರದ ಹದಿನೇಳನೇ ಇಸವಿ, ಏಪ್ರಿಲ್ ಹದಿನೆಂಟು, ಮಂಗಳವಾರ.