ಎಮ್ಮೆಗೆ ದಾರಿ ಬಿಟ್ಟ ಬ್ಯಾರಿಕೇಡ್

ಪೇಟೆಬೀದಿಯಲ್ಲಿ ಟಗರುಗಳು ಎರಡು ಬಣವಾಗಿ ಗುದ್ದಾಡಿ ಅಂಗಡಿಗಳ ಗಾಜು ಪುಡಿ ಮಾಡಿದ ಮೇಲೆ, ಎರಡು ಬ್ಯಾರಿಕೇಡುಗಳು ಬಂದು ಬೀದಿಗೆ ಅಡ್ಡಲಾಗಿ ಭುಜಕ್ಕೆ ಭುಜ ಕೊಟ್ಟು ನಿಂತವು. ಆಮೇಲೆ ಅಲ್ಲಿ ಒಂದು ಪಿಸುಮಾತೂ ಕೇಳಿಸಲಿಲ್ಲ. ಹಿರಿಯ ಬ್ಯಾರಿಕೇಡಿಗೆ ತನ್ನ ಬಗ್ಗೆ ಭಾರಿ ಹೆಮ್ಮೆಯಾಯಿತು.

ಮಧ್ಯಾಹ್ನ ಒಂದು ಎಮ್ಮೆ ಬಂದು ಹೇಳಿತು, "ಬ್ಯಾರಿಕೇಡಪ್ಪ, ಸ್ವಲ್ಪ ಸರಿ. ಆಚೆ ಕಡೆ ನನ್ನ ಕರು ಬೆಳಗ್ಗೆಯಿಂದ ಹಾಲಿಲ್ಲದೆ ಒದ್ದಾಡುತ್ತಿದೆ. ಹುಟ್ಟಿ ನಾಲ್ಕೇ ದಿನ."

"ಆಗದು ತಾಯೀ. ನಿನ್ನನ್ನು ಬಿಟ್ಟರೆ ಟಗರುಗಳನ್ನೂ ಬಿಡಬೇಕಾಗುತ್ತೆ. ನನಗೆ ಎಲ್ಲರೂ ಒಂದೇ."

"ಒಂದೇ ಹೇಗಾಗುತ್ತೆ? ಗುದ್ದಬೇಕಾದರೆ ಟಗರು ಹತ್ತು ಹೆಜ್ಜೆ ಹಿಂದೆ ಹೋಗಿ ಓಡಿ ಬರಬೇಕು. ನಾನು ಹುಟ್ಟಿದಾಗಿನಿಂದ ಓಡಿದ್ದೇ ಇಲ್ಲ! ಆ ಓಟವನ್ನು ತಡೆ, ದಾರಿಯನ್ನಲ್ಲ. ಕಾಲಿಗೆ ಚಕ್ರ ಇಟ್ಟುಕೊಂಡು ಗೋಡೆಯ ಹಾಗೆ ನಿಂತಿದ್ದೀಯಲ್ಲ, ಮಾರಾಯ."

ಆಚೆಯಿಂದ ಕರುವಿನ ಕೂಗು ಕ್ಷೀಣವಾಗಿ ಕೇಳಿಸಿತು. ಹಿರಿಯ ಬ್ಯಾರಿಕೇಡ್ ಗೊಣಗುತ್ತಲೇ ನಾಲ್ಕು ಅಡಿ ಮುಂದಕ್ಕೆ ಉರುಳಿ ನಿಂತಿತು. ಎರಡರ ನಡುವೆ, ಒಬ್ಬೊಬ್ಬರೇ ಬಳಸಿಕೊಂಡು ಹೋಗುವಷ್ಟು ಸೊಟ್ಟ ದಾರಿಯಾಯಿತು. ಎಮ್ಮೆ ಹೊಟ್ಟೆ ಉಜ್ಜಿಕೊಂಡು ದಾಟಿತು. ಕರು ಕೆಚ್ಚಲಿಗೆ ಬಾಯಿ ಹಾಕಿತು.

ಹಿಂದೆಯೇ ಟಗರುಗಳು ಕೊಂಬು ತಗ್ಗಿಸಿಕೊಂಡು ನುಗ್ಗಿ ಬಂದವು. ಆದರೆ ಆ ತಿರುವಿನಲ್ಲಿ ಓಡಲು ಜಾಗವೇ ಇಲ್ಲ. ಒಂದರ ಹಿಂದೆ ಒಂದು ನಡೆದೇ ಹೋದವು, ಬೀದಿ ನಡುಗುವಂತೆ ಅರಚುತ್ತಾ.

"ಅಣ್ಣಾ, ಏನಿದು ಗಲಾಟೆ! ಮುಚ್ಚಿಬಿಡೋಣವಾ?" ಎಂದಿತು ಕಿರಿಯ ಬ್ಯಾರಿಕೇಡ್.

ಹಿರಿಯದು ಕದಲಲಿಲ್ಲ. "ಗಂಟಲು ಅವರದು, ಕೂಗಲಿ ಬಿಡು. ನೀನು ಅವರ ಕಾಲು ನೋಡ್ತಿರು."