ರಾಣಿಯ ಪರದೆಯೂ ಬಳೆಗಾರ ಗಿರಿಯಣ್ಣನೂ

ಡಬ್ ಡಬ್ ಡಬ್. ನವಿಲುಕುಂಟೆ ಪೇಟೆಯಲ್ಲಿ ತಮಟೆ ಬಡಿಯಿತು.

"ಕೇಳ್ರಪ್ಪೋ ಕೇಳ್ರಿ! ರಾಣಿಯಮ್ಮನವರ ಕಣ್ಣ ಸುತ್ತ ರಕ್ತ ಕಪ್ಪಗೆ ಹೆಪ್ಪುಗಟ್ಟಿದೆ. ಹೊಡೆದವಳು ಸದಾ ಜೊತೆಗಿರೋ ದಾಸಿ ಕೆಂಚವ್ವ ಅಂತ ದೊರೆಗಳ ತೀರ್ಮಾನ. ಅಮಾವಾಸ್ಯೆ ದಿನ ಅವಳು ಆನೆ ಕಾಲಿಗೆ! ರಾಣಿಯಮ್ಮ ಮೂರು ಒಗಟು ಹಾಕಿದ್ದಾರೆ. ಬಿಡಿಸಿದರೆ ಕೆಂಚವ್ವ ಉಳೀತಾಳೆ, ಬಿಡಿಸಿದವನಿಗೆ ಕೇಳಿದ್ದು ಸಿಗುತ್ತೆ. ತಪ್ಪಿದರೆ ಅವನೂ ಆನೆ ಕಾಲಿಗೇ!"

ಕೆಂಚವ್ವ ಹೊಡೆದಿಲ್ಲ ಅಂತ ರಾಣಿ ಹೇಳಿ ಹೇಳಿ ಸೋತಿದ್ದಳು. ದೊರೆ ನಂಬಲಿಲ್ಲ. "ಹೆದರಿ ಹೇಳ್ತಿದ್ದೀಯ. ನೋಡು, ನಾಲಿಗೆ ತೊದಲ್ತಿದೆ" ಅನ್ನುತ್ತಿದ್ದ. ಹೊರಗಿನವರು ಯಾರಾದರೂ ಹೇಳಿದರೆ ನಂಬಬಹುದು. ಅದಕ್ಕೇ ಈ ಒಗಟು.

ಅಮಾವಾಸ್ಯೆ ಬಂತು. ಬೆಳಗ್ಗೆಯೇ ಅರಮನೆ ತುಂಬಿತು. ಅಂಗಳದಲ್ಲಿ ಆನೆ ಕಟ್ಟಿದ್ದರು. ಕಂಬಕ್ಕೆ ಕೆಂಚವ್ವನನ್ನು ಕಟ್ಟಿದ್ದರು. ರಾಣಿ ಪರದೆಯ ಹಿಂದೆ ಕೂತಿದ್ದಳು.

ಮೊದಲು ಬಂದವನು ಆಸ್ಥಾನದ ವೈದ್ಯ ನರಹರಿ ಪಂಡಿತ. ಅವನು ರಾಣಿಯ ನಾಡಿ ನೋಡಿದ್ದ. ಕೈ ಹಿಡಿದಲ್ಲ. ಪರದೆಯ ಆಚೆ ಮಣಿಕಟ್ಟಿಗೆ ನೂಲು ಕಟ್ಟಿಸಿ, ಈಚೆ ನೂಲಿನ ತುದಿ ಹಿಡಿದು.

ಪರದೆಯ ಒಳಗಿಂದ ರಾಣಿಯ ದಪ್ಪ ದನಿ ಬಂತು. "ಮೂವತ್ತೆರಡು ಕಾವಲುಗಾರರ ನಡುವೆ ಒಬ್ಬಳು. ಮನೆಯೆಲ್ಲ ಸೊರಗಿದೆ, ಅವಳೊಬ್ಬಳೇ ಊದಿದ್ದಾಳೆ. ಕಾವಲುಗಾರರ ಗುರುತು ಅವಳ ಪಕ್ಕೆಯಲ್ಲಿ ಮೂಡಿದೆ. ಯಾರವಳು?"

ಪಂಡಿತ ಗಡ್ಡ ಸವರಿದ. "ಅಂತಃಪುರದ ರಾಣಿ. ತಾವೇ!"

"ತಪ್ಪು. ನಾನು ಸೊರಗಿ ಕಡ್ಡಿಯಾಗಿದ್ದೀನಿ ಪಂಡಿತರೇ. ನೀವು ನೋಡಿದ್ದರಲ್ಲವೇ ಗೊತ್ತಾಗೋದು?"

ಜನ ಗೊಳ್ಳೆಂದರು. ಪಂಡಿತನನ್ನೂ ಕಂಬಕ್ಕೆ ಕಟ್ಟಿದರು.

ಆಮೇಲೆ ಮಂತ್ರಿಯ ಮಗ ಮದನರಾಯ ಬಂದ. "ಮೂವತ್ತೆರಡು ಅಂದರೆ ಹಲ್ಲು. ನಡುವೆ ಇರೋದು ನಾಲಿಗೆ!" ಅಂದ. ಸರಿಯಾಯಿತು.

"ಎರಡನೇದು ಕೇಳಪ್ಪ. ಬಗ್ಗಿ ಎದ್ದರೆ, ಜೋರಾಗಿ ಕೆಮ್ಮಿದರೆ, ಮನೆಯ ಎರಡು ಕಿಟಕಿಗೂ ಕಪ್ಪು ಬಳಿದಿರುತ್ತೆ. ಹೊಡೆದವರಿಲ್ಲ. ಬಳಿದವರು ಯಾರು?"

ಮದನರಾಯ ದೊರೆಯ ಮುಖ ನೋಡಿ ಹಲ್ಲುಬಿಟ್ಟ. "ಇನ್ಯಾರು? ಕೆಂಚವ್ವ!"

"ಹೊಡೆದವರಿಲ್ಲ ಅಂತ ಒಗಟಲ್ಲೇ ಹೇಳಿದೆನಲ್ಲಪ್ಪ. ತಪ್ಪು."

ಅವನನ್ನೂ ಕಟ್ಟಿದರು. ಆನೆ ಘೀಳಿಟ್ಟಿತು. ಕೆಂಚವ್ವ ಕಣ್ಣು ಮುಚ್ಚಿದಳು.

ಆಗ ಹಿಂದಿನಿಂದ ಬಳೆ ಸದ್ದು ಕೇಳಿತು. ಬಳೆಗಾರ ಗಿರಿಯಣ್ಣ. ಹೆಂಡತಿ ಸತ್ತು ವರ್ಷ ತುಂಬಿರಲಿಲ್ಲ. ಹೆಗಲಲ್ಲಿ ಬಳೆ ಕೋದ ಸರಗಳ ಕಟ್ಟು, ಮಲಾರ.

"ಲೋ, ಇಲ್ಲಿ ವ್ಯಾಪಾರ ಇಲ್ಲ" ಅಂದ ಕಾವಲಿನವನು.

"ಒಗಟಿಗೆ ಬಂದೆ ಕಣಣ್ಣ."

"ಆನೆ ನೋಡಿದೆಯಾ?"

"ನೋಡಿದೆ. ದೊಡ್ಡದಿದೆ."

ಜನ ನಕ್ಕರು. ಗಿರಿಯಣ್ಣ ಪರದೆಯ ಮುಂದೆ ಕೂತ. "ತಾಯಿ, ಬಾಯಲ್ಲಿ ಹೇಳಿದರೆ ಸಾಲದು. ದೊರೆಗೆ ತೋರಿಸಬೇಕು. ಪರದೆ ಸರಿಸಿ, ಕೈ ಕೊಡಿ."

"ಏಯ್!" ದೊರೆ ಕತ್ತಿಗೆ ಕೈ ಹಾಕಿದ.

"ಬಳೆಗಾರನಿಗೆ ಎಲ್ಲಿಯ ಪರದೆ, ಬುದ್ಧಿ? ಹೆಣ್ಣುಮಕ್ಕಳ ಕೈ ಹಿಡಿಯೋ ಹಕ್ಕಿರೋ ಪರಗಂಡಸು ನಾನೊಬ್ಬನೇ. ರಾಣಿಯಮ್ಮನ ಮದುವೆಗೂ ನಾನೇ ಬಳೆ ತೊಡಿಸಿದ್ದು."

ಹೌದಲ್ಲ! ಮುದುಕರು ತಲೆಯಾಡಿಸಿದರು. ಪರದೆ ಸರಿಯಿತು.

ಗಿರಿಯಣ್ಣ ಕೈ ಹಿಡಿದ. "ಬೆರಳು ಜೋಮು ಹಿಡಿಯುತ್ತಾ ತಾಯಿ?"

"ಹೂಂ."

"ಮೊದಲ ಒಗಟಿನ ಉತ್ತರ ನಾಲಿಗೆಯೇ. ತೋರಿಸಿ."

ತೋರಿಸಿದಳು. ದಪ್ಪ ನಾಲಿಗೆ. ಎರಡೂ ಅಂಚಿನಲ್ಲಿ ಸಾಲಾಗಿ ಹಲ್ಲಿನ ಅಚ್ಚು. ದೊರೆ ಬಗ್ಗಿ ನೋಡಿದ. ಹೆದರಿಕೆಗೆ ತೊದಲಿದ್ದಲ್ಲ.

"ಬುದ್ಧಿ, ಅಮ್ಮನ ಮೊಣಕಾಲ ಕೆಳಗೆ ಹೆಬ್ಬೆರಳಿಂದ ಒತ್ತಿ."

ದೊರೆ ಒತ್ತಿದ. ಬೆರಳು ತೆಗೆದ. ಮೈ ಸೊರಗಿದ್ದರೂ ಕಾಲಲ್ಲಿ ನೀರು ತುಂಬಿತ್ತು, ಗುಂಡಿ ಹಾಗೇ ಉಳಿಯಿತು. ಹಿಟ್ಟಿನ ಮುದ್ದೆಯಲ್ಲಿ ಉಳಿದ ಹಾಗೆ.

ಅಷ್ಟರಲ್ಲಿ ಮಲಾರದಿಂದ ಒಂದು ಹಸಿರು ಬಳೆ ಜಾರಿ ಉರುಳಿತು. ರಾಣಿ ಬಗ್ಗಿ ಹೆಕ್ಕಿದಳು. ಎದ್ದಳು. ಎದ್ದವಳೇ ತೂರಾಡಿದಳು. ದೊರೆ ಹಿಡಿದುಕೊಂಡ. ಎಲ್ಲರೂ ನೋಡುತ್ತಿದ್ದರು. ನೋಡುತ್ತಿದ್ದ ಹಾಗೇ ಅವಳ ರೆಪ್ಪೆಯ ಸುತ್ತ ನೇರಳೆ ಹಣ್ಣಿನ ಬಣ್ಣ ಹರಡಿತು!

"ಅಯ್ಯೋ! ನಾನು ಹೊಡೆದೆನಾ?" ದೊರೆ ತನ್ನ ಕೈಯನ್ನೇ ನೋಡಿಕೊಂಡ.

"ಇಲ್ಲ ಬುದ್ಧಿ. ಆದರೆ ಜನ ಹಾಗೇ ಅಂತಾರೆ. ನನ್ನ ನಂಜಿಗೂ ಹಿಂಗೇ ಕಣ್ಣು ಕಪ್ಪಾಗೋದು. ಹೆಂಡತಿಗೆ ಹೊಡೀತಾನೆ ಅಂತ ಊರೆಲ್ಲ ನನಗೆ ಉಗೀತು. ಅವಳು ಇಲ್ಲ ಇಲ್ಲ ಅಂದರೂ ಯಾರೂ ಕೇಳಲಿಲ್ಲ. ಎರಡನೇ ಒಗಟಿಗೆ ಉತ್ತರ ಅಷ್ಟೇ. ಕಿಟಕಿ ಅಂದರೆ ಕಣ್ಣು. ಬಳಿದವರು ಯಾರೂ ಇಲ್ಲ, ಒಳಗಿನ ರಕ್ತವೇ."

ರಾಣಿಯ ಕಣ್ಣಲ್ಲಿ ನೀರು ತುಂಬಿತು. "ಮೂರನೇದು ನನಗೂ ಗೊತ್ತಿಲ್ಲಣ್ಣ. ಇದೆಲ್ಲ ಮಾಡ್ತಿರೋ ಕಳ್ಳ ಒಬ್ಬನೇ ಅನ್ನಿಸುತ್ತೆ. ಅವನು ಯಾರು?"

ಗಿರಿಯಣ್ಣ ಹಸಿರು ಬಳೆ ತಗೊಂಡು ಮಲಾರಕ್ಕೆ ಸೇರಿಸಿದ. ಆನೆ ಕಾಲು ಕುಟ್ಟಿತು.

"ಅವನ ಹೆಸರು ಗೊತ್ತಿಲ್ಲ ತಾಯಿ. ಗುಣ ಗೊತ್ತು. ನಂಜಿ ಸೀರೆಗೆ ಗಂಜಿ ಹಾಕೋಳು. ಒಂದ್ಸಲ ಹೆಚ್ಚಾಯ್ತು. ಸೀರೆ ರಟ್ಟಾಯ್ತು, ಮಡಿಸಿದ ಕಡೆ ಬಿರೀತು. ಅದನ್ನ ಹಿಡಕೊಂಡು ಅಂದಳು, ನನ್ನ ಮೈಯೂ ಹಿಂಗೇ ಆಗಿದೆ ಕಣ್ರೀ ಅಂತ. ಗಂಜಿಯಂಥದ್ದೇನೋ ಮೈಯೊಳಗೆ ಕೂತುಬಿಟ್ಟಿದೆ ತಾಯಿ. ನಾಲಿಗೇಲಿ ಕೂತು ದಪ್ಪ ಮಾಡಿದೆ. ಮಣಿಕಟ್ಟಲ್ಲಿ ಕೂತು ಜೋಮು ಹಿಡಿಸಿದೆ. ಕಣ್ಣ ಸುತ್ತಿನ ಸಣ್ಣ ನಾಳದಲ್ಲಿ ಕೂತಿದೆ, ಬಗ್ಗಿದರೆ ಅದು ಬಿರಿಯುತ್ತೆ."

"ಅದೇ!" ರಾಣಿ ಎದೆ ಮುಟ್ಟಿಕೊಂಡಳು. "ಹಂಗೇ ಆಗ್ತಿದೆ. ಗಂಜಿ ಹಾಕಿದ ಹಂಗೇ!"

ಅರಮನೆ ಹೋ ಅಂದಿತು. ದೊರೆ ತಾನೇ ಇಳಿದು ಹೋಗಿ ಕೆಂಚವ್ವನ ಹಗ್ಗ ಬಿಚ್ಚಿದ. ಅವಳ ಕಾಲು ಹಿಡಿಯಲು ಹೋದ.

"ಬ್ಯಾಡಿ ಬುದ್ಧಿ, ಕಚಗುಳಿ ಆಗುತ್ತೆ" ಅಂದಳು ಕೆಂಚವ್ವ, ಅಳುತ್ತಾ.

"ಗಿರಿಯಣ್ಣ, ಏನು ಬೇಕು? ಅರ್ಧ ರಾಜ್ಯ? ಮದ್ದೂ ಹೇಳು."

"ಮದ್ದು ಗೊತ್ತಿದ್ದರೆ ನಂಜಿ ಇರೋಳು ಬುದ್ಧಿ. ನೋಡದೆ ಯಾರೂ ಮದ್ದು ಕೊಡಬಾರದು, ಅಷ್ಟು ಗೊತ್ತು. ಕಂಬಕ್ಕೆ ಕಟ್ಟಿರೋ ಅವರಿಬ್ಬರನ್ನೂ ಬಿಟ್ಟುಬಿಡಿ. ಪಂಡಿತರು ಓದಿದವರು, ಕೈ ಹಿಡಿದು ನೋಡಲಿ. ನನಗೆ ಆ ಪರದೆ ಕೊಡಿ."

ಕೊಟ್ಟರು. ಮತ್ತೆ ಆ ಅರಮನೆಯಲ್ಲಿ ವೈದ್ಯರಿಗೆ ಪರದೆ ಕಟ್ಟಲಿಲ್ಲ. ಪಂಡಿತ ನೂಲು ಬಿಸಾಡಿದ. ರಾಣಿ ಎದ್ದು ನಿಲ್ಲುವಾಗ ದೊರೆಯೇ ಕೈ ಹಿಡಿದುಕೊಳ್ಳುತ್ತಿದ್ದ.

ಗಿರಿಯಣ್ಣ ಆ ರೇಷ್ಮೆ ಪರದೆಯಲ್ಲಿ ಬಳೆ ಸುತ್ತಿಕೊಂಡು ಊರೂರು ತಿರುಗಿದ. ಹೆಂಗಸರು ಕೈ ನೀಡಿದರೆ ಮೊದಲು ಮುಖ ನೋಡುತ್ತಿದ್ದ, ಕಣ್ಣ ಸುತ್ತ ಕಪ್ಪಿದೆಯಾ ಅಂತ.

"ನಾಲಿಗೆ ತೋರಿಸಕ್ಕ."

"ಥೂ, ಬಳೆಗೂ ನಾಲಿಗೆಗೂ ಎಲ್ಲಿಯ ನಂಟೋ?" ಅಂತ ನಗೋರು. ತೋರಿಸೋರು.